ಬೆಕ್ಕು ಕೌದಿ ಚೀಪ್ತಾ ಇದೆಯಾ? ಬೈಯೋ ಮುಂಚೆ ಒಂದು ವಾರ ಸುಮ್ನೆ ನೋಡಿ

ರಾತ್ರಿ ಹತ್ತೂವರೆ. ಊಟ ಆಗಿದೆ, ಪಾತ್ರೆ ತೊಳೆದಾಗಿದೆ. ಕೌದಿ ಹೊದ್ದು ಕಾಲು ಚಾಚಿದ ಕೂಡಲೇ ರೊಟ್ಟಿ ಬರುತ್ತಾನೆ. ರೊಟ್ಟಿ ಅಂದರೆ ನಮ್ಮ ಬೆಕ್ಕು. ಹೊಟ್ಟೆ ಮೇಲೆ ಹತ್ತಿ, ಎರಡು ಸುತ್ತು ತಿರುಗಿ, ಮುಂಗಾಲಿನಿಂದ ಕೌದಿಯನ್ನು ನಾದಲು ಶುರು ಮಾಡುತ್ತಾನೆ. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಆ ಹೆಸರು ಬಂದಿದ್ದೇ ಹಾಗೆ. ಆಮೇಲೆ ಕೌದಿಯ ಒಂದು ಮೂಲೆಯನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಾನೆ. ಕಣ್ಣು ಅರ್ಧ ಮುಚ್ಚಿರುತ್ತದೆ, ಗಂಟಲಿನಿಂದ ಗುರ್‌ಗುರ್ ಸದ್ದು. ಹತ್ತು ನಿಮಿಷ ಬಿಟ್ಟು ಎದ್ದು ಹೋದ ಮೇಲೆ ನೋಡಿದರೆ ಅಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒದ್ದೆ ಕಲೆ.

ಧಾರವಾಡದಿಂದ ಮುಂಬಯಿ ಪಕ್ಕದ ಡೊಂಬಿವಲಿಗೆ, ನಮ್ಮ ಮನೆಗೆ ಬಂದಿದ್ದ ಅವ್ವ ಇದನ್ನು ಮೊದಲ ಸಲ ನೋಡಿದಾಗ, "ಏನವಾ ಇದು, ಇದಕ್ಕ ಹೊಟ್ಟಿಗೆ ಸರಿಯಾಗಿ ಹಾಕೂದಿಲ್ಲೇನ್ ನೀನು?" ಅಂದಳು. ಪಕ್ಕದ ಮನೆಯ ಕಾಕು, ಮೂಲೆಗೆ ಖಾರದಪುಡಿ ಹಚ್ಚು ಅಂದರು. ನಮ್ಮ ಮನೆಯವರು ಏನೂ ಹೇಳಲಿಲ್ಲ, ಮೊಬೈಲ್ ತೆಗೆದು ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಮೂವರಲ್ಲಿ ಸರಿಯಾದ ಕೆಲಸ ಮಾಡಿದ್ದು ಅವರೊಬ್ಬರೇ. ಅದೂ ಗೊತ್ತಿಲ್ಲದೆ.

ಮೊದಲನೆಯದು: ವಿಡಿಯೊ ಮಾಡಿ, ಕ್ಯಾಲೆಂಡರ್ ಮೇಲೆ ಬರೆಯಿರಿ

ಬೆಕ್ಕಿನ ಅಭ್ಯಾಸ ಬಿಡಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಆ ಅಭ್ಯಾಸದಿಂದ ಅದಕ್ಕೆ ಏನು ಸಿಗುತ್ತಿದೆ ಅಂತ ಕೇಳುವವರು ಕಡಿಮೆ. ಅದು ತಿಳಿಯಬೇಕಾದರೆ ಒಂದು ವಾರ ಸುಮ್ನೆ ನೋಡಬೇಕು. ದೊಡ್ಡ ಡೈರಿ ಬೇಡ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ನಾಲ್ಕು ಮಾತು ಬರೆದರೆ ಸಾಕು: ಯಾವಾಗ ಮಾಡಿತು, ಯಾವ ವಸ್ತುವಿನ ಮೇಲೆ, ಎಷ್ಟು ಹೊತ್ತು, ಮಧ್ಯದಲ್ಲಿ ಹೆಸರು ಹಿಡಿದು ಕರೆದರೆ ಬಿಟ್ಟು ಬಂತಾ ಇಲ್ವಾ.

ನಮ್ಮ ಲೆಕ್ಕ ಹೀಗೆ ಬಂತು. ಮಾಮೂಲಿ ದಿನ ರಾತ್ರಿ ಒಂದೇ ಸಲ, ಹತ್ತು ನಿಮಿಷ. ಮಳೆಗೆ ಲೋಕಲ್ ರೈಲು ನಿಂತು ನಾನು ರಾತ್ರಿ ಹತ್ತಕ್ಕೆ ಮನೆ ಸೇರಿದ ದಿನ ಅರ್ಧ ಗಂಟೆ. ಪಕ್ಕದ ಫ್ಲ್ಯಾಟಿನಲ್ಲಿ ಟೈಲ್ಸ್ ಒಡೆಯುತ್ತಿದ್ದ ಎರಡು ದಿನ ಬೆಳಿಗ್ಗೆಯೂ ಚೀಪಿದ, ಸಂಜೆಯೂ ಚೀಪಿದ. ಹೊಟ್ಟೆ ತುಂಬಿದ್ದರೂ ಚೀಪುತ್ತಿದ್ದ. ಅಂದರೆ ಅವ್ವ ಅಂದುಕೊಂಡ ಹಸಿವು ಅದಲ್ಲ.

ಎರಡನೆಯದು: ಇದು ಯಾವ ಕಾಲದ ಅಭ್ಯಾಸ ಅಂತ ಗುರುತಿಸಿ

ಹುಟ್ಟಿದ ಮರಿಗೆ ಕಣ್ಣು ಬಿಡುವ ಮೊದಲೇ ಬರುವ ಕೆಲಸ ಎರಡು: ಚೀಪುವುದು, ಒತ್ತುವುದು. ತಾಯಿಯ ಮೊಲೆಯ ಎರಡೂ ಕಡೆ ಪುಟ್ಟ ಕಾಲಿನಿಂದ ಒತ್ತಿದರೆ ಹಾಲು ಇಳಿಯುತ್ತದೆ. ಬೆಚ್ಚಗಿನ ಮೈ, ಮೆತ್ತನೆ ರೋಮ, ಹಾಲು, ತಾಯಿಯ ಗುರ್‌ಗುರ್ ಎಲ್ಲಾ ಒಟ್ಟಿಗೇ ಸಿಗುತ್ತದೆ. ದೊಡ್ಡದಾದ ಮೇಲೂ ಮೆತ್ತಗೆ, ಬೆಚ್ಚಗೆ ಇರುವ ಏನಾದರೂ ಕಾಲಿಗೆ ತಾಕಿದರೆ ಆ ಕಾಲ ವಾಪಸ್ ಬರುತ್ತದೆ. ಜೊತೆಗೆ ಬೆಕ್ಕಿನ ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳಿವೆ. ನಾದಿದಾಗ ತನ್ನ ವಾಸನೆಯನ್ನೂ ಅಲ್ಲಿ ಒತ್ತಿ ಬಿಡುತ್ತದೆ. ನನ್ನ ಹೊಟ್ಟೆ ರೊಟ್ಟಿಯ ಆಸ್ತಿ ಅಂತ ದಿನವೂ ರಾತ್ರಿ ನೋಂದಣಿ ಆಗುತ್ತದೆ ಅನ್ನಿ.

ನಾದುವುದು ಬಹುತೇಕ ಎಲ್ಲ ಬೆಕ್ಕೂ ಮಾಡುತ್ತದೆ. ಅದಕ್ಕೆ ಔಷಧಿ ಬೇಡ. ಹಾಗೆ ಮಾಡುವಾಗ ಕೆಲವಕ್ಕೆ ಜೊಲ್ಲೂ ಸುರಿಯುತ್ತದೆ, ಅದೂ ಸರಿಯೇ. ಉಗುರು ಚುಚ್ಚಿದರೆ ತಳ್ಳಬೇಡಿ. ತೊಡೆ ಮೇಲೆ ಒಂದು ದಪ್ಪ ಟವೆಲ್ ಮಡಚಿ ಹಾಕಿಕೊಳ್ಳಿ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಮಾತ್ರ ಕತ್ತರಿಸಿ, ಬೆಳಕಿಗೆ ಹಿಡಿದರೆ ಒಳಗೆ ಕಾಣುವ ಗುಲಾಬಿ ಭಾಗ ಮುಟ್ಟಬೇಡಿ. ಅಲ್ಲಿ ರಕ್ತನಾಳ ಇದೆ.

ಚೀಪುವುದು ಸ್ವಲ್ಪ ಬೇರೆ. ತಾಯಿಯಿಂದ ಬೇಗ ಅಗಲಿದ ಮರಿಗಳಲ್ಲಿ ಇದು ಜಾಸ್ತಿ ಕಾಣುತ್ತದೆ. ಸಯಾಮಿ, ಬರ್ಮೀಸ್‌ನಂಥ ಕೆಲವು ತಳಿಗಳಲ್ಲಿ ವಂಶದಿಂದಲೂ ಬರುತ್ತದೆ. ರೊಟ್ಟಿ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ, ಜುಲೈ ಮಳೆಯಲ್ಲಿ, ಒಂದು ಸ್ಕೂಟರ್ ಸೀಟಿನ ಕೆಳಗೆ ಸಿಕ್ಕವನು. ಅಬ್ಬಬ್ಬಾ ಅಂದರೆ 4 ವಾರದ ಮರಿ. ಎರಡು ದಿನ ಕಾದರೂ ತಾಯಿ ಬರಲಿಲ್ಲ. ತಾಯಿ ಮರಿಗಳಿಗೆ ಹಾಲು ಬಿಡಿಸಲು ಶುರು ಮಾಡುವುದೇ 4 ವಾರದ ಹೊತ್ತಿಗೆ. ಪೂರ್ತಿ ಬಿಡಿಸಲು ಇನ್ನೂ ತಿಂಗಳು ಬೇಕು. ಇವನದು ಅರ್ಧಕ್ಕೇ ನಿಂತುಹೋಯಿತು.

ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ 5,700ಕ್ಕೂ ಹೆಚ್ಚು ಸಾಕುಬೆಕ್ಕುಗಳ ಮಾಹಿತಿ ಸೇರಿಸಿ ಒಂದು ಅಧ್ಯಯನ ಪ್ರಕಟಿಸಿದರು. 8 ವಾರಕ್ಕೂ ಮುಂಚೆ ತಾಯಿಯಿಂದ ಬೇರೆಯಾದವು ದೊಡ್ಡದಾದ ಮೇಲೆ ಸಿಟ್ಟು ಮಾಡುವುದು ಜಾಸ್ತಿ, 14 ವಾರ ದಾಟಿ ಬೇರೆಯಾದವುಗಳಲ್ಲಿ ಇಂಥ ತೊಂದರೆಗಳು ಕಡಿಮೆ ಅಂತ ಅದರಲ್ಲಿ ಕಂಡಿತು. ಆದ್ದರಿಂದ ಯಾರಾದರೂ ಅಂಗೈಯಷ್ಟು ಮರಿಯನ್ನು ತಂದು, ಮುದ್ದಾಗಿದೆ ತಗೊಳ್ಳಿ ಅಂದರೆ, ಇನ್ನೂ ಎರಡು ತಿಂಗಳು ತಾಯಿ ಹತ್ತಿರ ಇರಲಿ, ಆಮೇಲೆ ಬರ್ತೀನಿ ಅನ್ನಿ. ರೊಟ್ಟಿಯಂತೆ ಅನಾಥವಾಗಿ ಸಿಕ್ಕಿದ್ದರೆ ಹಸುವಿನ ಹಾಲು ಹಾಕಬೇಡಿ, ಭೇದಿ ಆಗುತ್ತದೆ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ.

ಇನ್ನೊಂದು ಮಾತು, ಮುಜುಗರದ್ದು. ಗಂಡುಬೆಕ್ಕು ಹೊದಿಕೆಯನ್ನು ಕಾಲ ಮಧ್ಯೆ ಇಟ್ಟುಕೊಂಡು, ಹಲ್ಲಿನಿಂದ ಕಚ್ಚಿ ಹಿಡಿದು ನಾದುತ್ತಿದ್ದರೆ ಅದು ತಾಯಿಯ ನೆನಪಲ್ಲ. ಸಂತಾನಹರಣ ಆಪರೇಷನ್ ಮಾಡಿಸುವ ವಯಸ್ಸು ಬಂದಿದೆ ಅಂತ ಅರ್ಥ. ಐದಾರು ತಿಂಗಳಿಗೆ ಡಾಕ್ಟರ್ ಹತ್ತಿರ ಮಾತಾಡಿ.

ಮೂರನೆಯದು: ಚೀಪುತ್ತಿದೆಯಾ, ನುಂಗುತ್ತಿದೆಯಾ?

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಬರೀ ಚೀಪಿದರೆ ಬಟ್ಟೆ ಒದ್ದೆಯಾಗುತ್ತದೆ, ಅಷ್ಟೇ. ನುಂಗಿದರೆ ಬಟ್ಟೆಯಲ್ಲಿ ತೂತು ಕಾಣುತ್ತದೆ. ಆ ತೂತಿನಲ್ಲಿದ್ದ ಬಟ್ಟೆ ಎಲ್ಲಿ ಹೋಯಿತು ಅಂತ ಹುಡುಕಿ. ನೆಲದ ಮೇಲೆ ಸಿಗದಿದ್ದರೆ ಅದು ಹೊಟ್ಟೆಯಲ್ಲಿದೆ.

ನಾನು ಎಡವಿದ್ದು ಇಲ್ಲೇ. ಕೌದಿ ಅಂದರೆ ಹಳೇ ಸೀರೆಗಳನ್ನು ಒಂದರ ಮೇಲೊಂದು ಜೋಡಿಸಿ, ಕೈಯಿಂದ ಉದ್ದಕ್ಕೆ ಹೊಲಿಗೆ ಹಾಕಿದ್ದು. ಇಲ್ಲಿನವರು ಗೋಧಡಿ ಅನ್ನುತ್ತಾರೆ. ತೊಳೆದು ತೊಳೆದು ಮೂಲೆಯ ಹೊಲಿಗೆ ಸಡಿಲ ಆಗಿತ್ತು. ಒದ್ದೆ ಕಲೆ ಮಾತ್ರ ನೋಡಿದೆ, ಪಕ್ಕದಲ್ಲೇ ಒಂದು ಸಾಲು ಹೊಲಿಗೆಯೇ ಇಲ್ಲದಿದ್ದನ್ನು ನೋಡಲಿಲ್ಲ. ಬೆಕ್ಕಿನ ನಾಲಿಗೆ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೇ ಬಾಗಿರುತ್ತವೆ. ಬಾಯಿಗೆ ಸಿಕ್ಕ ದಾರವನ್ನು ಉಗುಳಬೇಕೆಂದರೂ ಅದಕ್ಕೆ ಕಷ್ಟ. ಅದು ಒಳಗೇ ಜಾರುತ್ತದೆ.

ಒಂದು ಶುಕ್ರವಾರ ಬೆಳಿಗ್ಗೆ ರೊಟ್ಟಿ ಎರಡು ಸಲ ವಾಂತಿ ಮಾಡಿದ. ಬಾಂಗಡೆ ಬೇಯಿಸಿ ಇಟ್ಟರೂ ಮೂಸಿ ನೋಡಲಿಲ್ಲ. ಬೆನ್ನು ಗೂನು ಮಾಡಿ ಸೋಫಾ ಕೆಳಗೆ ಕೂತ. ಹತ್ತಿರದ ಒಂದು ಕ್ಲಿನಿಕ್‌ಗೆ ಒಯ್ದೆ. ಬಾಯಿ ತೆರೆದೂ ನೋಡಲಿಲ್ಲ. ಸೆಕೆಗೆ ಹೀಗಾಗುತ್ತದೆ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಒಂದೂವರೆ ದಿನ ಕಳೆಯಿತು. ಶನಿವಾರ ಸಂಜೆ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದಾಗ ಮನೆಯವರು ಆ ಹಳೇ ವಿಡಿಯೊ ತೋರಿಸಿದರು. ಡಾಕ್ಟರಮ್ಮ ವಿಡಿಯೊ ಪೂರ್ತಿ ನೋಡಲೂ ಇಲ್ಲ. ರೊಟ್ಟಿಯ ಬಾಯಿ ತೆರೆಸಿ, ಗದ್ದದ ಕೆಳಗಿನಿಂದ ಹೆಬ್ಬೆರಳಿನಲ್ಲಿ ನಾಲಿಗೆಯನ್ನು ಮೇಲಕ್ಕೆ ಒತ್ತಿದರು. ನಾಲಿಗೆಯ ಬುಡಕ್ಕೆ ಸುತ್ತಿಕೊಂಡ ಬಿಳಿ ದಾರ. ಅವ್ವನ ಹೊಲಿಗೆಯದು.

ನಾನು ಕೈ ಹಾಕಲು ಹೋದೆ. ಅವರು ತಡೆದು, ತಮ್ಮ ಬ್ಯಾಗಿನ ಬಾಯಿ ಕಟ್ಟುವ ಲಾಡಿ ಎಳೆದು ತೋರಿಸಿದರು. ಬಟ್ಟೆ ನೆರಿಗೆ ನೆರಿಗೆಯಾಗಿ ಮುದುಡಿತು. ಕರುಳೂ ಹೀಗೇ ಮುದುಡುತ್ತದೆ ಅಂದರು. ದಾರದ ಒಂದು ತುದಿ ನಾಲಿಗೆಗೋ ಹೊಟ್ಟೆಗೋ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿನಲ್ಲಿ ಮುಂದೆ ಹೋದಾಗ, ಕರುಳು ದಾರದ ಮೇಲೆ ತಾನೇ ಹತ್ತಿಕೊಳ್ಳುತ್ತದೆ. ಹೊರಗಿನಿಂದ ನಾವು ಎಳೆದರೆ ದಾರ ಗರಗಸದ ಹಾಗೆ ಕರುಳನ್ನು ಕೊಯ್ಯುತ್ತದೆ. ಅದಕ್ಕೇ ಬಾಯಿಯಲ್ಲಾಗಲಿ ಹಿಂದೆಯಾಗಲಿ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಕತ್ತರಿಸಲೂ ಹೋಗಬೇಡಿ. ಹಾಗೇ ಎತ್ತಿಕೊಂಡು ಡಾಕ್ಟರ್ ಹತ್ತಿರ ಓಡಿ. ರೊಟ್ಟಿಯ ಹೊಟ್ಟೆ ಕೊಯ್ದು ತೆಗೆದ ದಾರ ಒಂದೂವರೆ ಗೇಣು ಇತ್ತು. ಬಿಲ್ಲು ನಮ್ಮ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಬಂತು. ಇರಲಿ, ಉಳಿದನಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ದಾರಕ್ಕೆ ಡಬ್ಬಿ ಇದೆ. ಸ್ಟೇಷನ್ ಹೊರಗೆ ಕೊಂಡ ಮಲ್ಲಿಗೆ ದಂಡೆ ಬಾಡಿದ ಮೇಲೆ ದೇವರ ಮುಂದೆ ಬಿಡುವುದಿಲ್ಲ, ದಾರ ಸಮೇತ ಮುಚ್ಚಳವಿರುವ ಬುಟ್ಟಿಗೆ ಹೋಗುತ್ತದೆ. ಮಿಠಾಯಿ ಡಬ್ಬಿಯ ದಾರ, ರಾಖಿ, ಸಂಕ್ರಾಂತಿ ಹೊತ್ತಿಗೆ ಕಿಟಕಿ ಗ್ರಿಲ್‌ಗೆ ಬಂದು ಸಿಕ್ಕಿಕೊಳ್ಳುವ ಗಾಳಿಪಟದ ಮಾಂಜಾ ದಾರ, ಕೂದಲಿನ ರಬ್ಬರ್ ಬ್ಯಾಂಡ್ ಎಲ್ಲಾ ಅದೇ ದಾರಿ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದಾಗ ಉಳಿಯುವ ಆ ಪುಟ್ಟ ತ್ರಿಕೋನ ಇದೆಯಲ್ಲ, ಅದು ಸಿಂಕ್ ಪಕ್ಕ ಬಿದ್ದಿರುತ್ತದೆ, ಹಾಲಿನ ವಾಸನೆ ಬೇರೆ. ಪ್ಲಾಸ್ಟಿಕ್ ಅಗಿಯುವ ಬೆಕ್ಕಿಗೆ ಅದು ಪೇಡೆ ಇದ್ದ ಹಾಗೆ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಅಂಟಿಕೊಂಡೇ ಇರಲಿ.

ನಾಲ್ಕನೆಯದು: ಸೆಖೆ, ಚಳಿ, ವಾಸನೆ

ಲ್ಯಾಪ್‌ಟಾಪ್ ಮೇಲೆ ಕೂರುವುದು, ಸೆಟ್‌ಟಾಪ್ ಬಾಕ್ಸ್ ಅಪ್ಪಿಕೊಂಡು ಮಲಗುವುದು, ಇಸ್ತ್ರಿ ಮಾಡಿಟ್ಟ ಅಂಗಿಯನ್ನೇ ಹುಡುಕಿ ಅದರ ಮೇಲೆ ಮುದುಡುವುದು ಹಟಕ್ಕೆ ಅಲ್ಲ. ಬೆಕ್ಕಿನ ಮೈ ಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಹೊರಗೆ 30 ಡಿಗ್ರಿಗಿಂತ ಮೇಲಿದ್ದರೆ ಮೈ ಬೆಚ್ಚಗಿಡಲು ಅದಕ್ಕೆ ಬೇರೆ ಶ್ರಮ ಬೇಕಿಲ್ಲ. ನಾವು ಹಾಯಾಗಿದೆ ಅನ್ನುವ 25 ಡಿಗ್ರಿ ಎಸಿ ಅದಕ್ಕೆ ಸ್ವಲ್ಪ ತಣ್ಣಗೇ. ಕೆಲಸದ ಮೇಜಿನ ಪಕ್ಕ ಒಂದು ಹಳೇ ಶಾಲು ಹಾಕಿ, ಅದರ ಮೇಲೆ ಬಿಸಿಲು ಬೀಳುವ ಹಾಗೆ ಪರದೆ ಸರಿಸಿ. ಲ್ಯಾಪ್‌ಟಾಪ್ ನಿಮಗೆ ಸಿಗುತ್ತದೆ.

ಮೇ ತಿಂಗಳಲ್ಲಿ ಇದೇ ಬೆಕ್ಕು ವಾಶ್‌ಬೇಸಿನ್ ಒಳಗೆ, ಬಚ್ಚಲ ಟೈಲ್ಸ್ ಮೇಲೆ ಮಲಗುತ್ತದೆ. ಡೊಂಬಿವಲಿಯ ಸೆಖೆಗೆ ನನಗೂ ಅಲ್ಲೇ ಮಲಗಬೇಕು ಅನಿಸುತ್ತದೆ. ಮಲಗಲಿ ಬಿಡಿ. ಆದರೆ ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಟ್ಟರೆ ತಡ ಮಾಡಬೇಡಿ, ಅದು ಬೆಕ್ಕಿಗೆ ಮಾಮೂಲಿ ಅಲ್ಲ.

ಒಗೆಯಲು ಹಾಕಿದ ಬಟ್ಟೆಯ ಗುಡ್ಡೆ ಮೇಲೆ ಮಲಗುವುದಕ್ಕೆ ಕಾರಣ ನಮ್ಮ ಬೆವರಿನ ವಾಸನೆ. ಲೋಕಲ್‌ನಲ್ಲಿ ಒಂದೂವರೆ ಗಂಟೆ ನಿಂತು ಬಂದ ಕುರ್ತಾ ನಮಗೆ ಸಾಕಪ್ಪಾ ಅನಿಸಿದರೆ, ಬೆಕ್ಕಿಗೆ ಅದು ನಾವೇ. ಊರಿಗೆ ಹೋಗುವಾಗ ತೊಳೆಯದ ಒಂದು ಟೀಶರ್ಟ್ ಬಿಟ್ಟು ಹೋಗಿ. ನೋಡಿಕೊಳ್ಳುವವರಿಗೆ ಕೆಲಸ ಸುಲಭ ಆಗುತ್ತದೆ.

ಇಲ್ಲಿ ಎರಡು ಅಪಾಯ. ಮುಂದೆ ಬಾಗಿಲಿರುವ ವಾಷಿಂಗ್ ಮಶೀನ್‌ನಲ್ಲಿ ಬಟ್ಟೆ ತುಂಬಿಟ್ಟು ಬಾಗಿಲು ತೆರೆದು ಬಿಟ್ಟರೆ ಬೆಕ್ಕು ಒಳಗೆ ಹೋಗಿ ಮಲಗಿರುತ್ತದೆ. ಸ್ವಿಚ್ ಹಾಕುವ ಮುಂಚೆ ಕೈ ಹಾಕಿ ತಡಕಿ. ಮಳೆಗಾಲದಲ್ಲಿ ಕಪಾಟಿನಲ್ಲಿ ಇಡುವ ನುಸಿಗುಳಿಗೆ, ಇಲ್ಲಿ ಡಾಂಬರ್ ಗೋಳಿ ಅನ್ನುತ್ತಾರಲ್ಲ, ಅದು ಬೆಕ್ಕಿಗೆ ವಿಷ. ಕರ್ಪೂರ ಸೇರಿದ ಬಾಮ್ ಕೂಡ. ಹಣೆಗೆ ಬಾಮ್ ಹಚ್ಚಿಕೊಂಡ ದಿನ ಮುದ್ದು ಬೇಡ.

ಐದನೆಯದು: ಅಡಗಲು ಒಂದು ಜಾಗ ಕೊಡಿ

ಒಂದು ಬೆಡ್‌ರೂಮಿನ ಮನೆಯಲ್ಲಿ ಮನುಷ್ಯರಿಗೇ ಒಬ್ಬರೇ ಇರಲು ಜಾಗ ಇಲ್ಲ, ಬೆಕ್ಕಿಗೆಲ್ಲಿಂದ ಬರಬೇಕು ಅಂತ ನಮ್ಮ ಮನೆಯವರು ಕೇಳಿದ್ದರು. ಉತ್ತರ ಒಂದು ರಟ್ಟಿನ ಡಬ್ಬಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗುವ ಡಬ್ಬಿ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಡಬ್ಬಿ ಸಿಕ್ಕವು ಮೂರು ನಾಲ್ಕು ದಿನದಲ್ಲೇ ಸಮಾಧಾನಕ್ಕೆ ಬಂದವು. ಉಳಿದವಕ್ಕೆ ಇನ್ನೂ ಸಮಯ ಹಿಡಿಯಿತು.

ನಮ್ಮ ಡಬ್ಬಿ ಕಪಾಟಿನ ಮೇಲಿದೆ, ಬಾಯಿ ಗೋಡೆ ಕಡೆಗೆ. ವಿಸರ್ಜನೆಯ ದಿನ ಕೆಳಗೆ ರಸ್ತೆಯಲ್ಲಿ ಢೋಲ್-ತಾಶಾ ಶುರುವಾದರೆ ಮೊದಲು ರೊಟ್ಟಿ ಅಂಡು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡುತ್ತಿದ್ದ. ಗಾದೆಯನ್ನು ಕಣ್ಣಾರೆ ಕಂಡಿದ್ದು ಆಗಲೇ. ಈಗ ಡಬ್ಬಿ ಹತ್ತುತ್ತಾನೆ. ಅಲ್ಲಿರುವಾಗ ಯಾರೂ ಮುಟ್ಟಬಾರದು, ನೆಂಟರ ಮಕ್ಕಳಿಗೆ ತೋರಿಸಲೂ ಕೆಳಗಿಳಿಸಬಾರದು. ಈ ಒಂದು ನಿಯಮ ಮುರಿದರೆ ಡಬ್ಬಿಯಿಂದ ಏನೂ ಪ್ರಯೋಜನ ಇಲ್ಲ.

ಆರನೆಯದು: ಕಿತ್ತುಕೊಳ್ಳಬೇಡಿ, ಬದಲಿ ಕೊಡಿ

ಕಾಕು ಹೇಳಿದ ಖಾರದಪುಡಿ ಬೇಡ. ನೀರು ಎರಚುವುದೂ ಬೇಡ. ಬೆಕ್ಕಿಗೆ ಚೀಪಿದ್ದು ತಪ್ಪು ಅಂತ ಗೊತ್ತಾಗುವುದಿಲ್ಲ, ನೀವು ಹತ್ತಿರ ಬಂದರೆ ತೊಂದರೆ ಅಂತ ಗೊತ್ತಾಗುತ್ತದೆ. ಆಮೇಲೆ ಹಾಸಿಗೆ ಕೆಳಗೆ ಹೋಗಿ, ನಿಮಗೆ ಕಾಣದ ಹಾಗೆ ಚೀಪುತ್ತದೆ. ಆಗ ದಾರ ನುಂಗಿದರೂ ತಿಳಿಯುವುದಿಲ್ಲ.

ನಾವು ಮಾಡಿದ್ದು ಇಷ್ಟು. ಕೌದಿಯನ್ನು ರಾತ್ರಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ದಾರ ಬಿಡದ ಫ್ಲೀಸ್ ಬಟ್ಟೆಯ ಒಂದು ತುಂಡನ್ನು ಎರಡು ದಿನ ನನ್ನ ದಿಂಬಿನ ಕೆಳಗಿಟ್ಟು, ವಾಸನೆ ಹತ್ತಿದ ಮೇಲೆ ಅವನಿಗೆ ಕೊಟ್ಟೆ. ಮೊದಲ ಮೂರು ರಾತ್ರಿ ಅದರತ್ತ ತಿರುಗಿಯೂ ನೋಡಲಿಲ್ಲ, ಕಪಾಟಿನ ಬಾಗಿಲು ಕೆರೆದ. ನಾಲ್ಕನೇ ರಾತ್ರಿ ಅದರ ಮೇಲೆ ನಾದಿದ. ವಾರದ ಹೊತ್ತಿಗೆ ಚೀಪಲು ಶುರು ಮಾಡಿದ.

ಬದಲಿಯಷ್ಟೇ ಮುಖ್ಯವಾದದ್ದು ಆಟ. ಚೀಪುವ ಹೊತ್ತಿಗೆ ಅರ್ಧ ಗಂಟೆ ಮುಂಚೆ ಹತ್ತು ನಿಮಿಷ ಆಡಿಸಿ, ಕೋಲಿನ ತುದಿಗೆ ಬಟ್ಟೆಯ ಇಲಿ ಕಟ್ಟಿ ಓಡಿಸಿ. ಆಟ ಮುಗಿದ ತಕ್ಷಣ ರಾತ್ರಿಯ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಇದು ಬೆಕ್ಕಿನ ದಿನದ ಕ್ರಮ. ಆಡಿಸಿದ ಕೋಲನ್ನು ಮಾತ್ರ ಕಪಾಟಿಗೆ ಹಾಕಿ, ಅದರಲ್ಲೂ ದಾರ ಇದೆಯಲ್ವಾ.

ಎಲ್ಲ ಮಾಡಿದ ಮೇಲೂ ರೊಟ್ಟಿ ಚೀಪುತ್ತಾನೆ. ಈಗ ಏಳೆಂಟು ನಿಮಿಷ, ದಾರವಿಲ್ಲದ ಬಟ್ಟೆ, ಕರೆದರೆ ಬರುತ್ತಾನೆ. ನನಗೆ ಅಷ್ಟು ಸಾಕು. ಇನ್ನೂ ಬಿಡಿಸಬೇಕು ಅಂತ ಹಟ ಹಿಡಿಯುವವರು ಸುಮ್ನೆ ಬೆಕ್ಕನ್ನು ಗೋಳು ಹೊಯ್ದುಕೊಳ್ಳುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ಯಾವಾಗ ಡಾಕ್ಟರ್ ಹತ್ತಿರ ಓಡಬೇಕು

ಗುರ್‌ಗುರ್ ಅಂದರೆ ಖುಷಿ ಅಂತಲೇ ಅಲ್ಲ. ನೋವಿದ್ದಾಗಲೂ ಬೆಕ್ಕು ಗುರ್‌ಗುಟ್ಟುತ್ತದೆ. ಆದ್ದರಿಂದ ಸದ್ದಿಗಿಂತ ಉಳಿದದ್ದನ್ನು ನೋಡಿ. ವರ್ಷಗಟ್ಟಲೆ ಇಲ್ಲದ ಅಭ್ಯಾಸ ದೊಡ್ಡ ಬೆಕ್ಕಿಗೆ ಇದ್ದಕ್ಕಿದ್ದ ಹಾಗೆ ಬಂದರೆ ಕಾರಣ ಮನಸ್ಸಿನಲ್ಲಲ್ಲ, ಮೈಯಲ್ಲಿರಬಹುದು. ಗೋಡೆಯ ಸುಣ್ಣ, ಮಣ್ಣು ನೆಕ್ಕಲು ಶುರು ಮಾಡಿದರೆ ರಕ್ತ ಪರೀಕ್ಷೆ ಮಾಡಿಸಿ, ರಕ್ತಹೀನತೆ ಇರಬಹುದು. ಹೊಟ್ಟೆಯ ಕೂದಲು ಹೋಗುವಷ್ಟು ನೆಕ್ಕಿಕೊಂಡರೆ ಚಿಗಟ, ಅಲರ್ಜಿ, ಮೂತ್ರಕೋಶದ ನೋವು ಯಾವುದೂ ಆಗಬಹುದು. ದೊಡ್ಡ ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಫೋನ್ ಮಾಡಿ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ.

ಗಂಡುಬೆಕ್ಕು ಮರಳಿನ ತಟ್ಟೆಯಲ್ಲಿ ಮತ್ತೆ ಮತ್ತೆ ಕೂತು ತಿಣುಕುತ್ತಿದ್ದು, ಒಂದು ಹನಿಯೂ ಬರದಿದ್ದರೆ ಬೆಳಗಾಗಲಿ ಅನ್ನಬೇಡಿ. ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗುತ್ತದೆ. ನೋವಿರಬಹುದು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಒಂದು ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಹತ್ತಿರದ ಇಬ್ಬರು ಡಾಕ್ಟರ್‌ಗಳ ನಂಬರ್, ರಾತ್ರಿ ತೆರೆದಿರುವ ಒಂದು ಕ್ಲಿನಿಕ್‌ನ ನಂಬರ್ ಈಗಲೇ ಫ್ರಿಜ್ ಮೇಲೆ ಅಂಟಿಸಿ. ಮುಂಬಯಿಯ ಹಳಬರಿಗೆ ಪರೇಲ್‌ನಲ್ಲಿರುವ ಪ್ರಾಣಿಗಳ ಆಸ್ಪತ್ರೆ, ಬೈಲ್ ಘೋಡಾ ಆಸ್ಪತ್ರೆ ಅನ್ನುತ್ತಾರಲ್ಲ, ಅದು ಗೊತ್ತೇ ಇರುತ್ತದೆ. ಆದರೆ ಡೊಂಬಿವಲಿಯಿಂದ ಅಲ್ಲಿಗೆ ಹೋಗಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು.

ಆಪರೇಷನ್ ಸುದ್ದಿ ಕೇಳಿ ಅವ್ವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ತನ್ನ ಕೈಯ ಹೊಲಿಗೆ ಅಲ್ವಾ. ಹೋದ ತಿಂಗಳು ಬಂದಾಗ ಚೀಲದಿಂದ ಮೊಳದಷ್ಟು ಅಗಲದ ಒಂದು ಪುಟ್ಟ ಕೌದಿ ತೆಗೆದಳು. ಹಳೇ ಫ್ಲೀಸ್ ಹೊದಿಕೆ ಕತ್ತರಿಸಿ ಮಾಡಿದ್ದು. "ಮಶೀನ್ ಹೊಲಿಗಿ ಹಾಕೇನಿ ನೋಡು, ಸಣ್ಣಂದು. ಒಂದ ಎಳಿನೂ ಬರೂದಿಲ್ಲ" ಅಂದಳು. ನಾನು ದೀಪದ ಕೆಳಗೆ ಹಿಡಿದು ನಾಲ್ಕೂ ಅಂಚು ಉಗುರಿನಿಂದ ಎಳೆದು ನೋಡಿದೆ. ಒಂದು ಮೂಲೆಯಲ್ಲಿ ಒಂದು ಎಳೆ ಬಂತು. ಅವ್ವ ಏನೂ ಹೇಳದೆ ಕತ್ತರಿ ಕೊಟ್ಟಳು.